ಖಾಲಿ ಮನೆಯಲ್ಲಿ ಒಣಗಿದ ಅಂಗಿ

ಲಿಫ್ಟ್ ಬರಬೇಕಾದ ಜಾಗದಲ್ಲಿ ಬರೀ ಗುಂಡಿ ಇತ್ತು. ಯಾರೂ ಬೀಳದಿರಲಿ ಅಂತ ಎರಡು ಹಲಗೆ ಅಡ್ಡ ಬಡಿದಿದ್ದರು. ಹಾಗಾಗಿ ಒದ್ದೆ ಬಟ್ಟೆಯ ಬಕೆಟ್ಟನ್ನು ಸೊಂಟಕ್ಕೆ ಆನಿಸಿಕೊಂಡು ಅವಳು ಮೆಟ್ಟಿಲೇ ಹತ್ತಬೇಕಿತ್ತು. ಪ್ರತಿ ಮಹಡಿಯಲ್ಲೂ ಬಕೆಟ್ ಇಳಿಸಿ, ಮಂಡಿ ನೀವಿಕೊಂಡು, ಮತ್ತೆ ಎತ್ತಬೇಕು. ಬಟ್ಟೆಯಿಂದ ಸೋರಿದ ನೀರು ಸೊಂಟ ನೆನೆಸಿ, ಕಾಲಿಗಿಳಿದು, ಚಪ್ಪಲಿಯಲ್ಲಿ ಪಚಪಚ ಅನ್ನುತ್ತಿತ್ತು.

ಮೂರನೇ ಮಹಡಿಯ ಮೊದಲ ಮನೆಯ ಬಾಲ್ಕನಿಗೆ ಎರಡು ಅಂಗಿ, ಒಂದು ಫ್ರಾಕು. ಪಕ್ಕದ ಮನೆಗೆ ಒಂದೇ ಟವೆಲ್ಲು. ಅಲ್ಲಿ ಒಂಟಿ ಮುದುಕ ಇದ್ದಾನೆ ಅಂತ ಅವಳೇ ಅಂದುಕೊಂಡಿದ್ದಳು. ಅದರ ಮೇಲಿನ ಮನೆಗೆ ಬಣ್ಣಬಣ್ಣದ ಬಟ್ಟೆ. ಅಲ್ಲಿರುವವರು ಹೊಸದಾಗಿ ಮದುವೆಯಾದವರು.

ಮುದುಕನೂ ಇರಲಿಲ್ಲ, ಮದುವೆಯಾದವರೂ ಇರಲಿಲ್ಲ. ಆ ಇಡೀ ಕಟ್ಟಡದಲ್ಲಿ ಇದ್ದದ್ದು ಅವಳು, ಅವಳ ಗಂಡ, ಶಾಲೆಗೆ ಹೋಗುವ ಮಗಳು. ಅವರಾದರೂ ಇದ್ದದ್ದು ನೆಲಮಾಳಿಗೆಯ ಪಂಪಿನ ಕೋಣೆಯಲ್ಲಿ. ಗಂಡ ಗೋಡೆಗೆ ಬಣ್ಣ ಬಳಿಯುವವನು. ಅವಳ ಕೆಲಸ, ಖಾಲಿ ಮನೆಗಳಲ್ಲಿ ಜನ ಇದ್ದಾರೆ ಅಂತ ತೋರಿಸುವುದು. ಬಾಗಿಲ ಮುಂದೆ ಹಳೇ ಚಪ್ಪಲಿ ಬಿಡಬೇಕು. ಕುಂಡಕ್ಕೆ ನೀರು ಹಾಕಬೇಕು. ಮುಸ್ಸಂಜೆಗೆ ದೀಪ ಹಾಕಬೇಕು. ಎಲ್ಲ ಮನೆಗೂ ಅಲ್ಲ.

"ಸಂಸಾರ ಅಂದ್ಮೇಲೆ ಯಾರೋ ಒಬ್ರು ಹೊರಗೆ ಹೋಗಿರ್ತಾರಲ್ವಾ ಅಕ್ಕಾ? ನಾಲ್ಕು ಮನೆ ಕತ್ತಲೆ ಬಿಡು," ಅಂತ ಹೇಳಿಕೊಟ್ಟವನು ಏಜೆಂಟು.

ಏಜೆಂಟು ಸಣಕಲು ಮನುಷ್ಯ. ಹಳೇ ಬೈಕು, ಇಸ್ತ್ರಿ ಮಾಡಿದ ಅಂಗಿ. ಮನೆ ನೋಡಲು ಬಂದವರಿಗೆ ತೋರಿಸಿ, ಒಪ್ಪಿಸಿ, ಕಟ್ಟಡದ ಮಾಲೀಕರ ಮುಂದೆ ಕೂರಿಸುವುದು ಅವನ ಕೆಲಸ. ಅವಳಿಗೆ ಈ ಕೆಲಸ ಕೊಡಿಸಿದವನೂ ಅವನೇ. ದೀಪದಕ್ಕ ಅಂತ ಕರೆಯುತ್ತಿದ್ದ. ಜನ ಕರೆತಂದಾಗ ಕೆಳಗಿನಿಂದ ಅವಳಿಗೊಂದು ಮಿಸ್ಡ್ ಕಾಲ್. ಅವಳು ತಕ್ಷಣ ಸಣ್ಣ ಸ್ಟೌವಿನ ಬಾಣಲೆಗೆ ಈರುಳ್ಳಿ ಹಾಕಬೇಕು. ಬಂದವರು ಮೆಟ್ಟಿಲು ಹತ್ತುವ ಹೊತ್ತಿಗೆ ಘಮ ಅನ್ನಬೇಕು.

"ಇಟ್ಟಿಗೆ ನೋಡಿ ಯಾರೂ ಮನೆ ಕೊಳ್ಳಲ್ಲ ದೀಪದಕ್ಕ. ಪಕ್ಕದ ಮನೆ ಒಗ್ಗರಣೆ ನೋಡಿ ಕೊಳ್ತಾರೆ."

"ಈರುಳ್ಳಿ ದುಡ್ಡು ಯಾರು ಕೊಡ್ತಾರೆ?"

"ಹುರಿದದ್ದು ನೀನೇ ತಿಂತೀಯಲ್ಲ ಮಾರಾಯ್ತಿ!"

ಇಬ್ಬರೂ ನಗುತ್ತಿದ್ದರು. ಮೋಸ ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪಂಪಿನ ಕೋಣೆಗೆ ಬಾಡಿಗೆ ಇರಲಿಲ್ಲ, ಮಗಳ ಶಾಲೆ ಹತ್ತಿರವಿತ್ತು. ಹೊಟ್ಟೆ ಮುಂದೆ ನ್ಯಾಯ ಎಷ್ಟು ಹೊತ್ತು ನಿಂತುಕೊಂಡಿರುತ್ತದೆ?

ಒಂದು ಸಂಜೆ ಏಜೆಂಟು ಹಿಂದಿನ ಗೇಟಿನಿಂದ ಬಂದ. ಬೈಕಿರಲಿಲ್ಲ. ನೀಲಿ ಚೌಕುಳಿ ಅಂಗಿಯ ಕಾಲರು ಕಿತ್ತು ಜೋತಾಡುತ್ತಿತ್ತು, ಮೇಲಿನ ಗುಂಡಿಗಳಿರಲಿಲ್ಲ.

"ಏನಾಯ್ತಣ್ಣ?"

"ದುಡ್ಡು ಕಟ್ಟಿದೋರು ಹಿಡ್ಕೊಂಡ್ರು. ನೀರಿಲ್ಲ, ಲಿಫ್ಟಿಲ್ಲ, ಮನೆ ಯಾವಾಗ ಕೊಡ್ತೀಯ ಅಂತ. ಮಾಲೀಕರನ್ನ ಕೇಳಿದ್ರೆ, ರಸೀದಿಗೆ ಸಹಿ ಹಾಕಿದೋನು ಅವನು, ಅವನನ್ನೇ ಕೇಳಿ ಅಂದ್ರಂತೆ." ಅವನು ನೆಲದ ಮೇಲೆ ಕುಸಿದು ಕೂತ. "ಎಲ್ಲದಕ್ಕೂ ನನ್ನ ಕೈಲೇ ಸಹಿ ಹಾಕಿಸ್ಬಿಟ್ಟಿದಾರೆ ಅಕ್ಕಾ. ಆಗ ದೊಡ್ಡ ಮನುಷ್ಯ ಆದೆ ಅಂದ್ಕೊಂಡೆ."

ಅವಳು ಟೀ ಕೊಟ್ಟಳು. ಒಡಹುಟ್ಟಿದವನಿಗೆ ಕೊಡುವ ಹಾಗೆ ಗಂಡನ ಒಂದು ಅಂಗಿಯನ್ನೂ ಕೊಟ್ಟಳು. "ಇದನ್ನ ಬಿಚ್ಚಿಡು. ಹೊಲಿದು ಒಗೆದಿಡ್ತೀನಿ."

ಅವನು ಹಿಂದಿನ ಗೇಟಿನಿಂದಲೇ ಹೋದ. ಎಲ್ಲಿಗೆ ಅಂತ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಮಾರನೇ ದಿನ ಅವಳು ಕಾಲರು ಹೊಲಿದಳು, ಬೇರೆ ಗುಂಡಿ ಹಾಕಿದಳು, ಒಗೆದಳು. ಆಮೇಲೆ ಕೈ ತನ್ನ ರೂಢಿಯ ಕೆಲಸ ಮಾಡಿತು. ಗಂಡಸಿನ ಅಂಗಿ ಕೈಗೆ ಸಿಕ್ಕರೆ ರಸ್ತೆಗೆ ಕಾಣುವ ಬಾಲ್ಕನಿಯಲ್ಲಿ ಹರವುವುದು ಅವಳ ಅಭ್ಯಾಸ. ಮೂರನೇ ಮಹಡಿಯಲ್ಲಿ, ಫ್ರಾಕಿನ ಪಕ್ಕದಲ್ಲಿ, ಎರಡೂ ತೋಳು ಚಾಚಿ, ಕ್ಲಿಪ್ಪು ಸಿಕ್ಕಿಸಿ ಹರವಿದಳು.

ಏಜೆಂಟಿನ ಅಣ್ಣ ಪೊಲೀಸರಿಗೆ ದೂರು ಕೊಟ್ಟ. ತಮ್ಮನ ಫೋಟೋ ಮೊಬೈಲಿನಲ್ಲಿ ಹಾಕಿ, ಕಂಡವರು ತಿಳಿಸಿ ಅಂತ ಕೈಮುಗಿದ. ಫೋಟೋದಲ್ಲಿ ಏಜೆಂಟು ನೀಲಿ ಚೌಕುಳಿ ಅಂಗಿ ತೊಟ್ಟು ನಗುತ್ತಿದ್ದ.

ಅಷ್ಟೇ ಸಾಕಾಯಿತು. ಒಬ್ಬ ಚಾನೆಲ್ ಹುಡುಗ, ಅಂದರೆ ಮೊಬೈಲನ್ನೇ ಕೋಲಿಗೆ ಸಿಕ್ಕಿಸಿಕೊಂಡು ಅಲೆಯುವವನು, ಗೇಟಿನ ಮುಂದೆ ನಿಂತು ಕಟ್ಟಡದ ವಿಡಿಯೋ ಮಾಡಿದ. ನೋಡಿದವರು ಅದನ್ನು ಹಿಗ್ಗಿಸಿದರು. ಬಾಲ್ಕನಿ ಹಿಗ್ಗಿತು, ಅಂಗಿ ಹಿಗ್ಗಿತು, ಚೌಕುಳಿ ಹಿಗ್ಗಿತು. 'ಇದು ಅವನದೇ!' ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇಲ್ಲಿ ಎತ್ತೂ ಇತ್ತು, ಹಗ್ಗವೂ ಸಿಕ್ಕಿತು. ಅಂಗಿ ಅವನದೇ, ಸುಳ್ಳಲ್ಲ. ಕತೆ ಮಾತ್ರ ಅವರದು.

ಗಂಡ ಕೆಲಸದಿಂದ ಬಂದು, ಬಣ್ಣ ಮೆತ್ತಿದ ಬೆರಳಲ್ಲೇ ಮೊಬೈಲ್ ತೀಡುತ್ತಾ ಓದಿ ಹೇಳಿದ.

"ಅವನು ಅಲ್ಲೇ ಅಡಗಿದಾನಂತೆ. ಇನ್ನೊಬ್ಬ ಬರೆದಿದಾನೆ, ಲಿಫ್ಟಿನ ಗುಂಡಿಗೆ ಹಾಕಿ ಮುಚ್ಚಿದಾರಂತೆ. ಇವಳ್ಯಾರೋ ಹೆಂಗಸು, ಅಲ್ಲಿ ದೆವ್ವ ಇದೆ, ಬೇರೆಬೇರೆ ಕಿಟಕೀಲಿ ಒಂದೇ ಮುಖ ಕಾಣುತ್ತೆ ಅಂತಾಳೆ. ಅದು ನೀನೇ!"

"ಮುಖ ಕಾಣುತ್ತಾ?"

"ಇದು ಕೇಳು. ಒಂದೇ ಫ್ರಾಕು ಸೋಮವಾರ ಮೂರನೇ ಮಹಡಿ, ಬುಧವಾರ ಐದನೇ ಮಹಡಿ. ಮಗೂನ ಮನೆಯಿಂದ ಮನೆಗೆ ಸಾಗಿಸ್ತಿದಾರೆ, ಯಾರಾದ್ರೂ ಕಾಪಾಡಿ, ಅಂತ."

ನಿಜ ಎಷ್ಟು ಹತ್ತಿರ ಬಂದು ಬಾಗಿಲು ತಟ್ಟದೆ ಹೋಯಿತು! ಒಂದೇ ಫ್ರಾಕು ಎಲ್ಲ ಮನೆಯಲ್ಲೂ ಒಣಗುತ್ತಿದೆ ಅಂದರೆ ಮನೆಗಳೆಲ್ಲ ಖಾಲಿ ಅಂತ ಸಾವಿರಾರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಓಡಿಹೋಗಿ ಅಂಗಿ ತೆಗೆದಳು. ಅದೂ ವಿಡಿಯೋ ಆಯಿತು. 'ಸಾಕ್ಷಿ ಬಚ್ಚಿಡುತ್ತಿರುವ ಕೈ' ಅಂತ. ಕೈಯ ಸುತ್ತ ಕೆಂಪು ಗೆರೆ ಎಳೆದಿದ್ದರು. ಆಮೇಲೆ ಆ ಕೈಗೆ ಒಂದು ಸಂಬಂಧವನ್ನೂ ಕಟ್ಟಿದರು. ಏಜೆಂಟಿನ ಗುಟ್ಟಿನ ಹೆಂಗಸು. ಇಬ್ಬರೂ ಸೇರಿ ಕೊಂಡವರ ದುಡ್ಡು ನುಂಗಿದವರು.

"ನಿನ್ನ ಜೊತೆ ಓಡಿಹೋಗೋಕೆ ಅವನಿಗೇನು ತಲೆ ಕೆಟ್ಟಿತ್ತಾ?" ಗಂಡ ನಗಿಸಲು ನೋಡಿದ. "ಅವನನ್ನೂ ದಿನಾ ಇಷ್ಟು ಮೆಟ್ಟಿಲು ಹತ್ತಿಸ್ತೀಯಲ್ಲ!"

ಅವಳು ನಗಲಿಲ್ಲ. ಅವನೂ ಆಮೇಲೆ ನಗಲಿಲ್ಲ. ಕೆಲಸದಲ್ಲಿ ಜೊತೆಯವರು ಏನಂದರೋ, ಊಟದ ಡಬ್ಬಿ ಮುಚ್ಚಿದ ಹಾಗೇ ವಾಪಸ್ ತಂದಿದ್ದ.

ಮಾಲೀಕರು ಅವಳನ್ನು ಆಫೀಸಿಗೆ ಕರೆಸಿದರು. ಯಾವತ್ತೂ ಬಾಗಿಲಲ್ಲೇ ನಿಲ್ಲಿಸುತ್ತಿದ್ದವರು ಇವತ್ತು ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದಾಗಲೇ ಅವಳಿಗೆ ಹೆದರಿಕೆಯಾಯಿತು.

"ಕೂತ್ಕೋಮ್ಮ. ಜನ ಏನೇನೋ ಮಾತಾಡ್ತಿದಾರೆ ನಿನ್ನ ಬಗ್ಗೆ. ನನಗೇ ಬೇಜಾರಾಗುತ್ತೆ. ನಮ್ಮ ಹುಡುಗ ಮೊಬೈಲ್ ಹಿಡೀತಾನೆ, ನಾಲ್ಕು ಮಾತು ಹೇಳ್ಬಿಡು. ಏಜೆಂಟು ಬರ್ತಿದ್ದ, ದೊಡ್ಡ ಬ್ಯಾಗು ತರ್ತಿದ್ದ, ನಿನ್ನ ಕೈ ಹಿಡಿದು ಎಳೆದ. ಅತ್ತುಬಿಡು. ಹೆಂಗಸು ಅತ್ರೆ ಜನ ನಂಬ್ತಾರೆ."

"ಆ ಅಣ್ಣ ಯಾವತ್ತೂ ಹಾಗೆ ಮಾಡಿಲ್ಲ ಸಾರ್."

"ಮಾಡಿದಾನೆ ಅಂತ ನಾನೆಲ್ಲಿ ಅಂದೆ? ಹೇಳು ಅಂದೆ."

"ಆ ಅಣ್ಣನ ಅಮ್ಮ ಇದನ್ನ ನೋಡ್ತಾಳೆ ಸಾರ್."

ಮಾಲೀಕರು ಕನ್ನಡಕ ತೆಗೆದು ಒರೆಸಿದರು. "ಅಂಗಿ ನಿನ್ನ ಹತ್ರ ಇದೆ. ಪೊಲೀಸ್ರಿಗೆ ನಾನೇ ಹೇಳೋ ಹಾಗೆ ಮಾಡ್ಬೇಡ. ಪಂಪಿನ ಕೋಣೇಲಿ ಇದೀಯ, ಮಗಳು ಓದ್ತಿದಾಳೆ. ನಾಳೆ ಬೆಳಗ್ಗೆ ಬಾ." ಅವಳು ಎದ್ದಾಗ ಮತ್ತೆ ಕರೆದರು. "ಹಾಂ, ಇವತ್ತು ಸಂಜೆ ದೀಪ ತಪ್ಪಿಸ್ಬೇಡ. ಊರೆಲ್ಲ ನೋಡ್ತಿದೆ."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ದೀಪ ಹಾಕಿದರೆ ದೆವ್ವ. ಹಾಕದಿದ್ದರೆ ಕೋಣೆ ಇಲ್ಲ. ಹಾಕಿದಳು. ಪ್ರತಿ ಸ್ವಿಚ್ಚು ಒತ್ತಿದಾಗಲೂ ಗೇಟಿನಾಚೆ ಗುಂಪು ಓ ಅಂತ ಕೂಗಿತು.

"ಹೇಳ್ಬಿಡು," ಅಂದ ಗಂಡ. ಗೋಡೆಗೆ ಮುಖ ಮಾಡಿ ಕೂತಿದ್ದ. "ಅವನು ಹೋದೋನು ಹೋದ. ನಮಗೆ ಇರೋದು ಇದೊಂದು ಸೂರು."

"ಒಬ್ಬ ನನ್ನ ಕೈ ಹಿಡಿದು ಎಳೆದ ಅಂತ ನಿನ್ನ ಹೆಂಡ್ತಿ ಊರಿಗೆಲ್ಲ ಹೇಳ್ಬೇಕಾ?"

"ಹೇಳದಿದ್ರೂ ಅದನ್ನೇ ಹೇಳ್ತಿದಾರಲ್ಲೇ."

ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. "ಅಮ್ಮಾ, ಆ ಫ್ರಾಕು ನನಗಿನ್ನು ಬೇಡ," ಅಂದಳು ಅಷ್ಟೇ.

ಬೆಳಗ್ಗೆ ಅವಳು ಆಫೀಸಿಗೆ ಹೊರಟವಳು ಗೇಟಿನ ಹತ್ತಿರ ನಿಂತುಬಿಟ್ಟಳು. ಮನೆ ಕೊಂಡವರು ಆಗಲೇ ಸೇರಿದ್ದರು. ಚಾನೆಲ್ ಹುಡುಗನೂ ಇದ್ದ. ಕಂಬಿಯ ಸಂದಿಯಿಂದ ಕೈಗಳು, ಕೈಗಳಲ್ಲಿ ಮೊಬೈಲುಗಳು.

"ಅವಳೇ! ಅವಳೇ ನೋಡಿ!"

"ಎಲ್ಲಿ ಬಚ್ಚಿಟ್ಟಿದೀಯೇ ಅವನನ್ನ?"

"ಎಷ್ಟು ಕೊಟ್ಟ ನಿನಗೆ?"

ಮುಂದೆ ಒಬ್ಬ ನರ್ಸಮ್ಮ ನಿಂತಿದ್ದಳು. ಪಾಳಿ ಮುಗಿಸಿ ನೇರ ಬಂದಿರಬೇಕು, ಬಿಳಿ ಕೋಟಿನ್ನೂ ಮೈಮೇಲಿತ್ತು. ಅವಳು ಕೂಗುತ್ತಿರಲಿಲ್ಲ. ಕಂಬಿ ಹಿಡಿದು ಸುಮ್ಮನೆ ನಿಂತಿದ್ದಳು. ಅವಳ ಮುಖ ನೋಡಿಕೊಂಡೇ ಇವಳು ಬಾಯಿಬಿಟ್ಟಳು.

"ಅಂಗಿ ಅವರದೇ. ನೀವು ಎಳೆದಾಡಿ ಹರಿದ್ರಿ, ನಾನು ಹೊಲಿದೆ. ಆಮೇಲೆ ಅವರೆಲ್ಲಿಗೆ ಹೋದ್ರೋ ನಾ ಕಾಣೆ. ಒಳಗೆ ಯಾರೂ ಇಲ್ಲ. ಈ ಕಟ್ಟಡದಲ್ಲಿ ಯಾವತ್ತೂ ಯಾರೂ ಇರ್ಲಿಲ್ಲ. ಬಟ್ಟೆ ಹರವಿದ್ದು ನಾನು. ದೀಪ ಹಾಕಿದ್ದು ನಾನು. ಎಲ್ಲಾ ಮನೇಲೂ ನಾನೇ."

ಕಂಬಿಯ ಸಂದಿಯಲ್ಲಿದ್ದ ಕೈಗಳು ಒಂದೊಂದಾಗಿ ಹಿಂದೆ ಸರಿದವು.

ನರ್ಸಮ್ಮ ಮೆಲ್ಲಗೆ ಹೇಳಿದಳು. "ನಾನು ಮನೆ ನೋಡೋಕೆ ಬಂದ ದಿನ ಪಕ್ಕದ ಮನೆಯಿಂದ ಈರುಳ್ಳಿ ಹುರಿಯೋ ವಾಸನೆ ಬಂತು. ಬಾಲ್ಕನೀಲಿ ಪುಟ್ಟ ಫ್ರಾಕಿತ್ತು. ನಮ್ಮಮ್ಮನಿಗೆ ಹೇಳಿದೆ, ನಾನು ನೈಟ್ ಡ್ಯೂಟಿಗೆ ಹೋದ್ರೂ ನೀನು ಒಬ್ಬಳೇ ಆಗಲ್ಲಮ್ಮ, ಪಕ್ಕದಲ್ಲಿ ಸಂಸಾರಸ್ಥರಿದ್ದಾರೆ, ಮಗು ಇದೆ, ಅಂತ."

"ನಾನೇ ಅಕ್ಕಾ. ಕೆಳಗಿಂದ ಮಿಸ್ಡ್ ಕಾಲ್ ಬರೋದು. ನಾನು ಈರುಳ್ಳಿ ಹಾಕ್ತಿದ್ದೆ. ಫ್ರಾಕು ನನ್ನ ಮಗಳದು."

ನರ್ಸಮ್ಮ ಹೊಡೆಯುತ್ತಾಳೆ ಅಂತ ಅವಳು ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ.

"ನಲ್ಲಿ?" ಅಂದಳು ನರ್ಸಮ್ಮ.

"ನಲ್ಲಿ ಇದೆ. ಹಿಂದೆ ಪೈಪಿಲ್ಲ."

"ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರಾನೇ ಅಕ್ಕಾ."

"ತೆಗಿ."

ಅವಳು ಗೇಟು ತೆಗೆದಳು. ಮೆಟ್ಟಿಲು ಹತ್ತಿದಳು, ಅವರೂ ಹಿಂದೆ ಹತ್ತಿದರು. ಒಂದೊಂದೇ ಬಾಗಿಲು ತೆಗೆದಳು. ನಲ್ಲಿ ತಿರುಗಿಸಿದವರ ಕೈಗೆ ನಲ್ಲಿಯೇ ಕಿತ್ತುಬಂತು. ಒಬ್ಬ ಮುದುಕ ತನ್ನದಾಗಬೇಕಿದ್ದ ಅಡುಗೆಮನೆಯ ಗೋಡೆ ತಟ್ಟಿದ. ಅದು ಹಲಗೆಯ ಸದ್ದು ಮಾಡಿತು. ಯಾರೂ ಬಯ್ಯಲಿಲ್ಲ. ಬಯ್ಗುಳ ಯಾರಿಗೆ ಸೇರಬೇಕು ಅಂತ ಎಲ್ಲರೂ ಹುಡುಕುತ್ತಿದ್ದ ಹಾಗಿತ್ತು.

ಚಾನೆಲ್ ಹುಡುಗ ಮಾತ್ರ ಮೇಲೆ ಬಂದಿರಲಿಲ್ಲ. ಅವನಿಗೆ ಬೇಕಾದ್ದು ಸಿಕ್ಕಿತ್ತು. ಅವರು ಐದನೇ ಮಹಡಿ ಮುಟ್ಟುವಷ್ಟರಲ್ಲಿ 'ತಪ್ಪೊಪ್ಪಿಕೊಂಡ ನಿಗೂಢ ಮಹಿಳೆ' ಊರೂರು ಸುತ್ತುತ್ತಿದ್ದಳು. ಅದರಲ್ಲಿ 'ಅಂಗಿ ಅವರದೇ' ಇತ್ತು, 'ಎಲ್ಲಾ ಮನೇಲೂ ನಾನೇ' ಇತ್ತು. ನಡುವಿನದು ಇರಲಿಲ್ಲ.

ಮಧ್ಯಾಹ್ನ ಜೀಪು ಬಂತು. ಮಾಲೀಕರೇ ಫೋನ್ ಮಾಡಿದ್ದರಂತೆ. ಪೇದೆ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು, "ನಡೀಮ್ಮ, ವಿಚಾರಣೆ ಇದೆ," ಅಂದ. ಸುದ್ದಿ ತಿಳಿದು ಓಡಿಬಂದಿದ್ದ ಗಂಡ ಬಣ್ಣದ ಕೈಗಳನ್ನು ಹೇಗೆ ಇಟ್ಟುಕೊಳ್ಳಬೇಕೋ ತಿಳಿಯದೆ ನಿಂತಿದ್ದ.

"ಸಾರ್, ಅದೇ ಜೀಪಲ್ಲಿ ಮಾಲೀಕರಿಗೂ ಜಾಗ ಇದೆಯಲ್ಲ?" ಅಂದಳು ನರ್ಸಮ್ಮ.

"ಅವರ ಮೇಲೆ ದೂರಿಲ್ಲಮ್ಮ."

"ಈಗ ಇದೆ. ನನ್ನದು ಬರ್ಕೊಳ್ಳಿ."

"ನನ್ನದೂ," ಅಂದ ಗೋಡೆ ತಟ್ಟಿದ ಮುದುಕ. ಹಿಂದಿನಿಂದ ಇನ್ನೂ ದನಿಗಳು ಬಂದವು. ಮೆಟ್ಟಿಲ ತುಂಬಾ ಜನ ಕೂತುಬಿಟ್ಟರು.

"ಅದೆಲ್ಲ ಸ್ಟೇಷನ್ನಿಗೆ ಬಂದು ಕೊಡಿ. ಮೊದಲು ಈಕೆಯದು ಮುಗಿಸ್ತೀನಿ," ಅಂತ ಪೇದೆ ಕಾಗದ ಮಡಿಚಿ ಹಿಡಿದು ಪೆನ್ನು ತೆಗೆದ. "ವಿಳಾಸ ಹೇಳಮ್ಮ. ಮನೆ ನಂಬರು?"

ಅವಳು ಮೇಲೆ ನೋಡಿದಳು. ಗುಡಿಸಿ ಒರೆಸಿದ ಅಷ್ಟೂ ಮನೆಗಳು ಅವಳನ್ನೇ ನೋಡುತ್ತಿದ್ದವು. ಉಪ್ಪು ತಿಂದವರು ಯಾರೋ, ನೀರು ಕುಡಿಯುವವಳು ತಾನು.

"ಎಲ್ಲಾ ನಂಬರೂ ಬರ್ಕೊಳ್ಳಿ ಸಾರ್, ಎಲ್ಲದರಲ್ಲೂ ಸಂಸಾರ ಮಾಡಿದೀನಿ. ಯಾವುದೂ ಯಾರಿಗೂ ಮನೆ ಅಲ್ಲ ಅಂತಾನೂ ಬರ್ಕೊಳ್ಳಿ."

"ಅಷ್ಟೆಲ್ಲ ಬರೆಯೋಕೆ ಇದರಲ್ಲಿ ಜಾಗ ಇಲ್ಲ."

"ಜಾಗ ಮಾಡಿ," ಅಂದಳು ನರ್ಸಮ್ಮ, ಜೀಪಿನ ಮುಂದೆ ಹೋಗಿ ನೆಲದ ಮೇಲೆ ಕೂತುಕೊಳ್ಳುತ್ತಾ.