ಸಂತಪುರದ ಹಿಡಿಕಾಳು

ಕಿಟಕಿಯಾಚೆ ನೀರಿನ ಟ್ಯಾಂಕರೊಂದು ಹಿಂದೆ ಸರಿಯಿತು, ಅದರಿಂದ ಸೋರಿದ ನೀರು ಡಾಂಬರಿನ ಮೇಲೆ ಗೆರೆ ಎಳೆಯುತ್ತ ಎಳೆಯುತ್ತಲೇ ಆರುತ್ತಿದೆ, ಎಷ್ಟು ಬೇಗ ಆರುತ್ತದೆ, ಗಾಳಿಯಲ್ಲಿ ತೇವವೇ ಇಲ್ಲವಲ್ಲ ಎಂದುಕೊಂಡಳು ಎಮಿಲಿ, ಕುವೈತಿನ ಆಸ್ಪತ್ರೆಯ ಲ್ಯಾಬಿನಲ್ಲಿ ಅರ್ಧ ಆಯುಷ್ಯ ರಕ್ತ ಪರೀಕ್ಷಿಸಿದವಳ ತಲೆ ಹೀಗೆಯೇ, ಕಂಡದ್ದಕ್ಕೆಲ್ಲ ಕಾರಣ ಕೇಳುತ್ತದೆ, ಒಂದನ್ನು ಬಿಟ್ಟು — ತಮ್ಮ ಗಿಡಿಯೋನನ ಮಾತಿಗೆ ಅದು ಎಂದೂ ಕಾರಣ ಕೇಳಿರಲಿಲ್ಲ. ಬೀದರಿನಿಂದ ಔರಾದಿಗೆ ಹೋಗುವ ಈ ಬಸ್ಸು ಖಾಲಿ, ಎದುರಿನಿಂದ ಬರುವವು ಮಾತ್ರ ತುಂಬಿ ತುಳುಕುತ್ತಿವೆ, ಮಾಡಿನ ಮೇಲೆ ಗಂಟು, ಹಾಸಿಗೆ, ಹೈದರಾಬಾದಿಗೆ, ಪುಣೆಗೆ. ಅವಳು ಸಂತಪುರದಲ್ಲಿ ಇಳಿಯಬೇಕು, ಅಲ್ಲಿ ಚರ್ಚಿನ ಹೆಂಗಸರು ಕಾಯುತ್ತಿರುತ್ತಾರೆ, ಹಿರಿಯಳಾದ ರೂತಮ್ಮಕ್ಕ ಮೊದಲು ಅದನ್ನೇ ಕೇಳುತ್ತಾಳೆ, ಆ ಕೂಸಿಗಿ ಹಾಲು ಮುಟ್ತೇನು ತಂಗಿ, ಹೋದ ತಿಂಗಳೂ ಕೇಳಿದ್ದಳು, ಮುಟ್ಟಿರ್ತದ ರಿ ಅಕ್ಕಾ ಅಂದಿದ್ದಳು ತಾನು. ಇವತ್ತು ಏನನ್ನಬೇಕು. ಸಮೀರಾ, ನೀನೇ ಹೇಳು, ಏನನ್ನಲಿ. ಲ್ಯಾಬಿನಲ್ಲಿ ಅವಳದು ಪಕ್ಕದ ಕುರ್ಚಿ, ಚಹಾಕ್ಕೆ ಪುದೀನ ಹಾಕಿಕೊಂಡು ಕುಡಿಯುತ್ತಿದ್ದವಳು, ನಿನ್ನ ದೇಶ ಯಾವುದು ಎಂದರೆ ನಕ್ಕು, ಅಜ್ಜನಿಗೆ ಕೇಳು, ಅವನಿಗೆ ಗೊತ್ತಿತ್ತು ಎನ್ನುತ್ತಿದ್ದಳು, ದಮಾಸ್ಕಸ್ಸಿನ ಯರ್ಮೂಕ್ ಎಂಬ ಪ್ಯಾಲೆಸ್ತೀನಿಯರ ಕ್ಯಾಂಪಿನಲ್ಲಿ ಹುಟ್ಟಿದವಳು, ತಾಯಿಗೆ ಸಕ್ಕರೆ ಕಾಯಿಲೆ ಎಂದು ರಜೆ ಹಾಕಿ ಹೋದಳು, ಅಷ್ಟರಲ್ಲಿ ಸಿರಿಯಾದವರ ಜಗಳ ಬಂದು ಕ್ಯಾಂಪಿನ ಎರಡೂ ತುದಿ ಮುಚ್ಚಿತು. ಯಾರದೋ ಯುದ್ಧ, ನಡುವೆ ಇವರು. ಫೋನಿಗೆ ಎಂದೋ ಒಮ್ಮೆ ಬರುವ ಸಂದೇಶ — ಹುಲ್ಲು ಬೇಯಿಸುತ್ತಿದ್ದೇವೆ ಎಮಿಲಿ, ಅಮ್ಮನ ಇನ್ಸುಲಿನ್ ಮುಗಿಯಿತು, ಆಮೇಲಿನದು, ಅಮ್ಮನನ್ನು ಮಣ್ಣು ಮಾಡಿದೆವು, ತಂಗಿಯ ಎದೆಯಲ್ಲಿ ಹಾಲಿಲ್ಲ, ಕೂಸಿಗೆ ಪುಡಿ ಹಾಲಾದರೂ ಸಿಕ್ಕರೆ.

ಅದನ್ನೇ ಸಂತಪುರದ ಚರ್ಚಿನಲ್ಲಿ ನಿಂತು ಓದಿದ್ದಳು, ಓದುತ್ತ ಅತ್ತೂ ಬಿಟ್ಟಿದ್ದಳು, ರೂತಮ್ಮಕ್ಕ ಎದ್ದು, ಹಿಡಿಕಾಳು ಮತ್ತ ಚಾಲೂ ಮಾಡೋಣು ಅಂದಳು. ಮಿಶನ್ ದೊರೆಸಾನಿಯರ ಕಾಲದ ಪದ್ಧತಿ, ಎಸರಿಗೆ ಕಾಳು ಹಾಕುವ ಮೊದಲು ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವುದು, ದೇವರದೆಂದು, ಇಂಥದೇ ಕಾಳೆಂದಿಲ್ಲ, ಆವತ್ತು ಒಲೆಯ ಮೇಲೆ ಏನು ಬೇಯುತ್ತದೋ ಅದು. ಈ ಬರದಾಗ ನಿಮಗೇ ಇಲ್ಲಲ್ರಿ ಅಕ್ಕಾ ಎಂದರೆ, ನಮಗ ಹುಲ್ಲು ತಿನ್ನೂ ಕಾಲ ಇನ್ನಾ ಬಂದಿಲ್ಲ ತಂಗಿ, ಹುಲ್ಲೇ ಇಲ್ಲ, ಹ್ಯಾಂಗ ಬರ್ತದ — ಎಲ್ಲರೂ ನಕ್ಕರು. ಚೀಲಗಳನ್ನು ಗಿಡಿಯೋನ ಒಯ್ದ, ಚರ್ಚಿನ ಕಾರ್ಯದರ್ಶಿ ಅವನೇ, ಭಾಲ್ಕಿಯ ಧಾನ್ಯದ ಅಡತಿ ಅಂಗಡಿಯಲ್ಲಿ ಮಾರಿ, ಪರಿಹಾರ ಸಂಸ್ಥೆಯವರ ಮೂಲಕ ಹಾಲಿನ ಪುಡಿಯಾಗಿ ಕಳಿಸುತ್ತೇನೆಂದ, ಕಳಿಸಿದೆ ಅಕ್ಕಾ ಎಂದ, ಬರೂ ಶುಕ್ರವಾರ ಹಂಚ್ತಾರಂತ ಎಂದ. ಚರ್ಚಿನಲ್ಲಿ, ಅಲ್ಲಿಯ ತಾಯಂದಿರು ನಿಮಗ ವಂದನಿ ಹೇಳ್ಯಾರ ಎಂದೂ ಹೇಳಿದ, ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಶುಕ್ರವಾರ ಅಂತ ಇವಳು ಸಮೀರಾಗೆ ಬರೆದಳು. ಹಂಚುವ ಸಾಲಿನಲ್ಲಿ ನಿಲ್ಲುತ್ತೇನೆ, ಗುಂಡು ಹಾರುವ ಬೀದಿ ಅದು, ಆದರೂ ನಿಲ್ಲುತ್ತೇನೆ ಎಂದು ಸಮೀರಾ ಬರೆದಳು. ಆ ಶುಕ್ರವಾರ ಸಂತಪುರದಲ್ಲಿ ಉಪವಾಸ ಪ್ರಾರ್ಥನೆ. ಶನಿವಾರ ಬಂದದ್ದು, ನಿನ್ನ ಹಾಲು ಬರಲಿಲ್ಲ ಎಮಿಲಿ, ನಾಳೆ ಮತ್ತೆ ನಿಲ್ಲಲೇ, ಬೇರೆ ಬೀದಿಯೇ, ತಿಳಿಸು — ಗಿಡಿಯೋನನನ್ನು ಕೇಳಿದರೆ, ತಡಾ ಆಗಿರ್ತದ, ನಿಂದರು ಅನ್ನು. ನಿಲ್ಲು ಎಂದು ಬರೆದಳು. ಹಾಲು ತಡವಾಗಿದೆ, ಸಮೀರಾ ಮತ್ತೆ ನಿಲ್ಲುತ್ತಾಳೆ ಎಂದು ರೂತಮ್ಮಕ್ಕನಿಗೂ ಹೇಳಿದಳು. ಆಮೇಲೆ ಫೋನು ಸುಮ್ಮನಾಯಿತು. ಕ್ಯಾಂಪಿನೊಳಗೆ ಇನ್ನೊಂದು ಪಡೆ ನುಗ್ಗಿದೆ ಎಂದು ಪೇಪರಿನಲ್ಲಿ ಬಂತು.

ಮೊನ್ನೆ ಭಾಲ್ಕಿಗೆ ಹೋಗಿದ್ದಳು, ಗಿಡಿಯೋನನ ಕೋಳಿ ಫಾರಮ್ಮಿನ ಹಿಂದೆ ಕೈತೊಳೆಯಲು ಬಗ್ಗಿದಾಗ ಕಂಡಿತು, ಬಿಳಿಜೋಳ, ಕೆಂಪುಜೋಳ, ಸಜ್ಜೆ, ರೇಷನ್ ಅಕ್ಕಿ, ಒಂದೆರಡು ತೊಗರಿ, ಎಲ್ಲ ಒಂದೇ ಬುಟ್ಟಿಯಲ್ಲಿ. ಯಾವ ಹೊಲದಲ್ಲೂ ಹೀಗೆ ಬೆಳೆಯುವುದಿಲ್ಲ, ಯಾವ ಅಂಗಡಿಯಲ್ಲೂ ಹೀಗೆ ತೂಗುವುದಿಲ್ಲ, ಹೀಗೆ ಕೂಡುವುದು ಒಂದೇ ಕಡೆ. ಒಂದು ಕೋಳಿ ಸಜ್ಜೆಯ ಕಾಳೊಂದನ್ನು ಆರಿಸಿ ಎತ್ತಿ, ಕೊಕ್ಕಿನಲ್ಲಿ ಹಿಡಿದೇ, ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ಇವಳನ್ನು ನೋಡಿತು. ಕೇಳಿದರೆ ಗಿಡಿಯೋನ, ಗೌಸೋದ್ದೀನನ ಅಡತಿಗಿ ಒಯ್ದಿದ್ದೆ ಅಕ್ಕಾ, ಅಂವ ನಕ್ಕ, ಗಿಡಿಯೋನ ಸಾಬ್, ಇದು ಮನುಷ್ಯಾರ ಮಾಲ್ ಅಲ್ಲ, ಖಿಚಡಿ ಮಾಡಿ ತಂದೀರಿ, ಕೋಳಿಗಿ ಹಾಕ್ರಿ ಅಂದ, ಹುಳಾ ಬಿದ್ದು ಹೋಗೂದಕ್ಕಿಂತ ಛಲೋ ಅಲ್ಲೇನು. ಮತ್ತ ಕಳಿಸೀನಿ ಅಂದಿ? ನೀ ಅಳಕೋತ ಕೂತಿದ್ದಿ, ಸಮಾಧಾನ ಆಗ್ಲಿ ಅಂತ ಅಂದೆ. ಶುಕ್ರವಾರ ಅಂತ್ಯಾಕ ಅಂದಿ? ಏನರ ಒಂದು ದಿನಾ ಹೇಳಬೇಕಲ್ಲ, ಬಾ, ಊಟ ಮಾಡು, ಮನಿಯಾಕಿ ಎರಡು ಕೋಳಿ ಬಡದು ಸಾರು ಮಾಡ್ಯಾಳ ನಿನ್ನ ಸಲುವಾಗಿ. ಏನಾದರೂ ಒಂದು ದಿನ. ರಕ್ತದ ಗುಂಪು ಬೆರೆಯಬಾರದೆಂದು ಹೊಸ ಹುಡುಗಿಯರನ್ನು ಬೈಯುತ್ತಿದ್ದವಳಿಗೆ, ಬೆರೆತ ಕಾಳು ಬಿಕರಿಯಾಗುವುದಿಲ್ಲವೆಂದು ಹೊಳೆಯಲಿಲ್ಲ, ಅಲ್ಲಿ ಹೆಂಗಸರಿಗೂ ಹೊಳೆಯಲಿಲ್ಲ, ದೇವರ ಗಡಿಗೆಯನ್ನು ಬೇರೆ ಬೇರೆ ಮಾಡಿ ಯಾರು ಇಡುತ್ತಾರೆ — ಆದರೆ ಅವನಿಗೆ ಹೊಳೆದ ದಿನ ಒಂದು ಮಾತು ಹೇಳಬಹುದಿತ್ತು, ಕೂತು ಆರಿಸುತ್ತಿದ್ದೆವು, ಕಾಳು ಕಾಳು ಆರಿಸುತ್ತಿದ್ದೆವು. ಕೊಕ್ಕು, ಆ ಒಂದು ಕಣ್ಣು.

ಸಂತಪುರ ಬಂತ್ರಿ, ಇಳೀರಿ, ಕಂಡಕ್ಟರನ ದನಿ, ಬಿಸಿಲು, ಅರ್ಧ ಓಣಿಗೆ ಬೀಗ, ಚರ್ಚಿನ ಕಟ್ಟೆಯ ಮೇಲೆ ಹೆಂಗಸರು, ಬಾ ತಂಗಿ, ನೀರು ಕುಡಿ, ಈ ಸಲ ಕಾಳು ಕಮ್ಮಿ ಅಲ್ಲ ಮತ್ತ, ನಮ್ಮ ಮುಷ್ಟಿನೇ ಸಣ್ಣು ಆಗ್ಯಾವ — ರೂತಮ್ಮಕ್ಕನ ಗಡಿಗೆಯಿಂದ ಅಕ್ಕಿ, ಜೋಳ, ಚೀಲಕ್ಕೆ ಸುರಿಯುವ ಸದ್ದು, ಸುರೀಬ್ಯಾಡ್ರಿ ಅಕ್ಕಾ, ಮುಟ್ಟಿಲ್ಲರಿ, ಒಂದು ಕಾಳೂ ಮುಟ್ಟಿಲ್ಲ, ಗಿಡಿಯೋನ ತನ್ನ ಕೋಳಿಗಿ ಹಾಕ್ಯಾನ, ಸುಳ್ಳು ಹೇಳ್ಯಾನ ನಿಮಗ, ನನಗೂ. ಸದ್ದು ನಿಂತಿತು. ಬೈಯುತ್ತಾಳೆ, ಶಾಪ ಹಾಕುತ್ತಾಳೆ, ಹಾಕಲಿ, ನಾನೂ ಕೂಡಿಸಿ ಹಾಕುತ್ತೇನೆ ಎಂದು ಎಮಿಲಿ ಕಾದಳು. ರೂತಮ್ಮಕ್ಕ ಗಡಿಗೆಯನ್ನು ನಿಧಾನವಾಗಿ ಕೆಳಗಿಟ್ಟು, ಹಂಗಾರ ತಂಗಿ, ಆ ಹುಡುಗಿ ಗುಂಡು ಹಾರೂ ಬೀದ್ಯಾಗ ಎರಡನೇ ಸಲ ನಿಂತಳಲ್ಲ, ಯಾರ ಮಾತಿಗಿ ನಿಂತಳು? ಗಿಡಿಯೋನನ ಮಾತಿಗೆ, ಇಲ್ಲ, ಅವನನ್ನು ಅವಳು ಕಂಡೇ ಇಲ್ಲ, ಅವನ ಹೆಸರೂ ಗೊತ್ತಿಲ್ಲ, ನಿಲ್ಲು ಎಂದು ಬರೆದದ್ದು, ನಿಲ್ಲು ಎಂದು, ನನ್ನ ಬೆರಳು — ಕೋಳಿ ತಲೆ ಓರೆ ಮಾಡಿತು, ಕೊಕ್ಕಿನಲ್ಲಿ ಸಜ್ಜೆಯ ಕಾಳು, ನುಂಗುವುದಿಲ್ಲ, ಬಿಡುವುದಿಲ್ಲ, ಒಂದೇ ಕಣ್ಣು, ದುಂಡಗೆ, ರೆಪ್ಪೆಯಿಲ್ಲದೆ, ನೋಡುತ್ತಿದೆ