ದಪ್ಪ ಗೆರ್ಡಾಳ ತೂಕ

ಓಡೆನ್ಸೆಯ ಕಾಲುವೆ ದಂಡೆಯ ಮೇಲಿದ್ದ ಪುಟ್ಟ ಕಂಪನಿಯಲ್ಲಿ ಸೋಲ್ವಾಯ್ ಕೆಲಸ ಮಾಡುತ್ತಿದ್ದಳು. ಜೇನುಗೂಡಿನ ಅಡಿಯಲ್ಲಿ ಇಡುವ ತಕ್ಕಡಿಯನ್ನೂ, ಅದರ ತೂಕವನ್ನು ಫೋನಿಗೆ ಮುಟ್ಟಿಸುವ ಆ್ಯಪನ್ನೂ ಅವರು ಮಾರುತ್ತಿದ್ದರು. ಬರೀ ಅಂಕಿ ಸಾಲದು, ಗ್ರಾಫ್ ತೋರಿಸಿ ಎಂದು ಜೇನು ಸಾಕುವವರು ದುಂಬಾಲು ಬಿದ್ದಾಗ, ಗ್ರಾಫ್ ಮಾಡಿಕೊಡುವುದೇ ಕಸುಬಾಗಿದ್ದ ಇನ್ನೊಂದು ಕಂಪನಿಯ ಸೇವೆಯನ್ನು ಆ್ಯಪಿನೊಳಗೆ ಸೇರಿಸುವುದೆಂದು ತೀರ್ಮಾನವಾಯಿತು. ಸೇರಿಸಲು ದಾರಿ ಹಲವಿದ್ದವು. ಅವರಿಂದ ಲೆಕ್ಕ ಮಾತ್ರ ತರಿಸಿಕೊಂಡು ಚಿತ್ರ ತಾವೇ ಬರೆಯಬಹುದಿತ್ತು. ಅವರ ಬಿಡಿಭಾಗಗಳನ್ನು ತಂದು ತಮ್ಮ ಪುಟದಲ್ಲಿ ಜೋಡಿಸಬಹುದಿತ್ತು. ಎಲ್ಲಕ್ಕಿಂತ ಸುಲಭದ್ದೆಂದರೆ ತಮ್ಮ ಪುಟದಲ್ಲೊಂದು ಕಿಟಕಿ ಕೊರೆದು ಅವರ ಪುಟವನ್ನೇ ಇಡಿಯಾಗಿ ತೋರಿಸುವುದು. ಬೇಸಿಗೆ ರಜೆ ತಲೆಯ ಮೇಲೆ ಕೂತಿತ್ತು. ಸೋಲ್ವಾಯ್ ಕಿಟಕಿಯನ್ನೇ ಕೊರೆದಳು.

ಆಗಸ್ಟ್ ಕೊನೆಯಲ್ಲಿ ಫೋಬೋರ್ ಕಡೆಯ ಹಳ್ಳಿಯೊಂದರಿಂದ ಇಂಗರ್-ಲೀಸ ಎಂಬಾಕೆ ಫೋನ್ ಮಾಡಿದರು. ಚರ್ಚಿನಲ್ಲಿ ಆರ್ಗನ್ ನುಡಿಸಿ ನಿವೃತ್ತರಾದವರು.

"ನೋಡಮ್ಮಾ, ನಾನು ಸಾಕಿರೋದು ಎರಡೇ ಗೂಡು. ನಿಮ್ಮ ಗ್ರಾಫಲ್ಲಿ ಮೂರು ಗೆರೆ ಬರ್ತಾ ಇದೆ. ಮೂರನೇದಕ್ಕೆ 'ದಪ್ಪ ಗೆರ್ಡಾ' ಅಂತ ಹೆಸರು. ಯಾರಿವಳು?"

ಫೋನೆತ್ತಿದ್ದ ಸೋಲ್ವಾಯ್ ಆ ಪುಟವನ್ನು ತೆರೆದು ನೋಡಿದಳು. "ಅಯ್ಯೋ, ಅದು ನಿಮಗೆ ಕಾಣಲೇಬಾರದಿತ್ತು. ಈಗಲೇ ಮುಚ್ಚಿಸ್ತೀನಿ."

"ಮುಚ್ಚೋದು ಇದ್ದೇ ಇದೆ, ತಡಿ. ನನ್ನ ಗೂಡು ಎರಡೂ ಸೊರಗ್ತಾ ಇವೆ, ಇವಳು ಮಾತ್ರ ಊದ್ತಾ ಇದ್ದಾಳೆ. ಹೂವೆಲ್ಲಾ ಮುಗಿದ ಕಾಲದಲ್ಲಿ ಇವಳಿಗೆ ಊಟ ಎಲ್ಲಿಂದ? ಅದೊಂದು ಹೇಳ್ಬಿಡು."

ಹೇಳುವ ಹಾಗಿರಲಿಲ್ಲ. ಇನ್ನೊಬ್ಬರ ಗೂಡಿನ ವಿಷಯ ಇನ್ನೊಬ್ಬರದ್ದೇ. ಫೋನಿಟ್ಟವಳೇ ಸೋಲ್ವಾಯ್ ತಪ್ಪು ಹುಡುಕಿದಳು. ಕಿಟಕಿ ತೆರೆಯುವಾಗ, ನೋಡುತ್ತಿರುವವರು ಯಾರೆಂದು ಆ ಕಂಪನಿಗೆ ಚೀಟಿ ಕೊಡಬೇಕು. ಮೊದಲ ಪ್ರಯೋಗ ನಡೆದದ್ದು ಜೇನು ಸಾಕುವವರ ಸಂಘವೊಂದರಲ್ಲಿ, ಅಲ್ಲಿನ ಗೂಡುಗಳೆಲ್ಲ ಎಲ್ಲರವೂ ಆಗಿದ್ದವು. ಹಾಗಾಗಿ ಚೀಟಿಯಲ್ಲಿ ನೋಡುವವರ ಹೆಸರಿರಲಿಲ್ಲ, ಸಂಘದ ಹೆಸರಿತ್ತು. ಅದನ್ನು ಬದಲಿಸುವುದು ಮರೆತೇ ಹೋಗಿತ್ತು. ಫೋಬೋರ್ ಕಡೆಯ ಸಂಘದಲ್ಲಿ ತಕ್ಕಡಿ ಇದ್ದದ್ದು ಮೂರೇ ಗೂಡಿಗೆ, ಮೂರೂ ಒಂದೇ ಗ್ರಾಫಿನಲ್ಲಿ ಬಿದ್ದಿದ್ದವು.

ಪಕ್ಕದ ಮೇಜಿನ ಆಸ್ಗರ್ ಹಣುಕಿ ನೋಡಿದ. "ಎಡವಟ್ಟು ಮಾಡಿದೆಯಲ್ಲೇ ಮಾರಾಯ್ತಿ! ಮೊದಲು ಮುಚ್ಚು. ಎಲ್ಲರಿಗೂ ತಿಳಿಸೋ ಪತ್ರ ನಾನು ಬರೀತೀನಿ."

ಮುಚ್ಚಿದಳು. ಆದರೆ ಕುತೂಹಲ ಮುಚ್ಚಲಿಲ್ಲ. ತಪ್ಪಿನ ತನಿಖೆಗೆಂದು ಉಳಿಸಿಕೊಂಡಿದ್ದ ಆ ಮೂರು ಗೆರೆಗಳನ್ನು ಮತ್ತೆ ಮತ್ತೆ ನೋಡಿದಳು. ಬಿಸಿಲೇರಿದ ಮಧ್ಯಾಹ್ನ ಇಂಗರ್-ಲೀಸರ ಗೆರೆಗಳು ಇಳಿಯುವ ಹೊತ್ತಿಗೆ ಸರಿಯಾಗಿ ಗೆರ್ಡಾ ಏರುತ್ತಿದ್ದಳು. ಮಳೆ ಬಂದ ದಿನ ಯಾರೂ ಅಲುಗಿರಲಿಲ್ಲ. ಜೇನು ಸಾಕುವವರ ತಾಣಗಳಲ್ಲಿ ಹುಡುಕಿದಾಗ ಗೊತ್ತಾಯಿತು: ಹೂವಿಲ್ಲದ ದಿನಗಳಲ್ಲಿ ಬಲವಾದ ಗೂಡಿನ ಹುಳುಗಳು ಬಡ ಗೂಡಿಗೆ ನುಗ್ಗಿ ಜೇನುತುಪ್ಪ ದೋಚುತ್ತವೆ.

ಗೆರ್ಡಾಳ ಯಜಮಾನ ಐಗಿಲ್, ಹಡಗಿನ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಇಂಗರ್-ಲೀಸರ ಒಪ್ಪಿಗೆ ಪಡೆದು ಸೋಲ್ವಾಯ್ ಅವನಿಗೆ ಫೋನ್ ಮಾಡಿ ಮೊದಲು ಕ್ಷಮೆ ಕೇಳಿದಳು, ಆಮೇಲೆ ಆಕೆಯ ಹೆಸರು ಹೇಳಿ ಅನುಮಾನ ಬಿಚ್ಚಿಟ್ಟಳು.

"ನನ್ನ ಗುಟ್ಟು ಊರಿಗೆಲ್ಲಾ ಬಿಟ್ಟುಕೊಟ್ಟಿದ್ದು ನಿಮ್ಮ ಕಂಪನಿ, ಈಗ ನನ್ನ ಹುಳಾನೇ ಕಳ್ಳ ಅಂತೀಯಾ?" ಐಗಿಲ್ ಗುಡುಗಿದ. ಆಮೇಲೆ ದನಿ ಇಳಿಸಿದ. "ಅಲ್ಲ... ನಿಜವಾಗ್ಲೂ ಹಾಗಿದ್ರೆ, ಅದನ್ನ ಪತ್ತೆ ಮಾಡೋದು ಹೇಗೆ?"

"ಆಕೆಯ ಗೂಡಿಂದ ಹೊರಬರೋ ಹುಳಕ್ಕೆ ಹಿಟ್ಟು ಎರಚಿ, ಅದು ಎಲ್ಲಿಗೆ ಹೋಗುತ್ತೆ ಅಂತ ನೋಡಬಹುದಂತೆ. ನಿಮ್ಮ ಹೆಸರು ಆಕೆಗೆ ಹೇಳಬಹುದಾ?"

"ಹೇಳು. ಹಳ್ಳದ ಆಚೆ ದಡದಲ್ಲಿ ಈ ವರ್ಷವಷ್ಟೇ ಗೂಡಿಟ್ಟಿದ್ದೀನಿ, ಆಕೆಗೆ ಗೊತ್ತಿರಲಿಕ್ಕಿಲ್ಲ."

ಶನಿವಾರ ಸೋಲ್ವಾಯ್ ಬಸ್ಸು ಹಿಡಿದು ಹೋದಳು. ಯಾರೂ ಬಾ ಅಂದಿರಲಿಲ್ಲ. ಕಣ್ಣಾರೆ ನೋಡದೆ ಇರಲಾಗಲಿಲ್ಲ, ಅಷ್ಟೆ. ಇಂಗರ್-ಲೀಸ ಅಡುಗೆಮನೆಯ ಜರಡಿ ಹಿಡಿದು, ತಮ್ಮ ಗೂಡಿನಿಂದ ಹೊರಬೀಳುವ ಹುಳುಗಳ ಮೇಲೆ ಗೋಧಿಹಿಟ್ಟು ಉದುರಿಸತೊಡಗಿದರು. ಸೋಲ್ವಾಯ್ ಹಳ್ಳ ದಾಟಿ, ವಿಲ್ಲೋ ಮರಗಳ ಹಿಂದೆ ಐಗಿಲ್ ಪಕ್ಕದಲ್ಲಿ ಮುಖಪರದೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಳು.

ಕಂದು ಹುಳುಗಳು ಬರುತ್ತಲೇ ಇದ್ದವು. ಐಗಿಲ್ ಮೀಸೆಯಡಿ ನಗತೊಡಗಿದ್ದ. ಅಷ್ಟರಲ್ಲಿ ಬೆಳ್ಳಗಿನದೊಂದು ತೂಗಾಡುತ್ತ ಬಂದು ಗೆರ್ಡಾಳ ಬಾಗಿಲಿಗಿಳಿದು ಸಲೀಸಾಗಿ ಒಳನಡೆಯಿತು. ಹಿಂದೆಯೇ ಇನ್ನೊಂದು. ಆಮೇಲೆ ಗುಂಪು ಗುಂಪಾಗಿ, ಬೇಕರಿಯಿಂದ ಕೆಲಸ ಬಿಟ್ಟು ಬಂದವರ ಹಾಗೆ.

"ಇವಳನ್ನ ನಾನು ಸಾಕ್ತಿದ್ದೀನಿ ಅಂದ್ಕೊಂಡಿದ್ದೆ," ಎಂದ ಐಗಿಲ್, ಟೋಪಿ ತೆಗೆದು ಕತ್ತು ಕೆರೆದುಕೊಳ್ಳುತ್ತ.

ಹಳ್ಳದಾಚೆಯಿಂದ ಇಂಗರ್-ಲೀಸ ಕೂಗಿದರು: "ಬಂದ್ವಾ?"

"ಬಂದ್ವು ಕಣಮ್ಮಾ, ಬಂದ್ವು! ಹಿಟ್ಟು ನಿಲ್ಲಿಸು!"

ಅವನೇ ಮರದ ಪಟ್ಟಿ ತಂದು ಆಕೆಯ ಗೂಡುಗಳ ಬಾಗಿಲನ್ನು ಒಂದೆರಡು ಹುಳು ನುಸುಳುವಷ್ಟಕ್ಕೆ ಕಿರಿದು ಮಾಡಿದ. ಸೊರಗಿದ ಗೂಡುಗಳಿಗೆ ಉಣಿಸುವ ಸಕ್ಕರೆ ಪಾಕದ ಖರ್ಚು ತನ್ನದೆಂದ. ಇಂಗರ್-ಲೀಸ ಬೇಡವೆನ್ನಲಿಲ್ಲ. ಕಾಫಿ ಕುಡಿಯುವಾಗ ಆಕೆ ಸೋಲ್ವಾಯ್ ಕಡೆ ತಿರುಗಿದರು. "ಆ ಮೂರು ಗೆರೆ ಮತ್ತೆ ಒಟ್ಟಿಗೆ ಕಾಣೋ ಹಾಗೆ ಮಾಡ್ತೀಯಾ?"

"ನೀವಿಬ್ಬರೂ ಹೂಂ ಅಂದ್ರೆ ಮಾತ್ರ. ಯಾವಾಗ ಬೇಕಾದ್ರೂ ಊಹೂಂ ಅನ್ನೋ ಹಾಗೂ ಇರಬೇಕು."

ಅದಕ್ಕಾಗಿ ಅವಳು ಕಿಟಕಿಯನ್ನು ಕಿತ್ತುಹಾಕಿದಳು. ಲೆಕ್ಕ ಮಾತ್ರ ಆ ಕಂಪನಿಯಿಂದ ತರಿಸಿ, ಯಾರಿಗೆ ಯಾವುದು ಕಾಣಬೇಕೆಂದು ತಾನೇ ನಿರ್ಧರಿಸಿ ಗೆರೆ ಎಳೆಯುವ ಕಷ್ಟದ ದಾರಿ ಹಿಡಿದಳು. ಮೂರು ವಾರ ಅದಕ್ಕೇ ಹೋಯಿತು. ಹೊಸದನ್ನು ಬಿಟ್ಟ ದಿನ ಇಬ್ಬರೂ ಒಪ್ಪಿಗೆ ಒತ್ತಿದರು. ಮರುದಿನ ಬೆಳಿಗ್ಗೆಯೇ ಐಗಿಲ್ ಫೋನ್ ಬಂತು.

"ಏನಮ್ಮಾ, ನಿನ್ನ ಹೊಸ ಗ್ರಾಫ್ ಕೆಟ್ಟಿದೆಯಾ? ಗೆರ್ಡಾ ಏರ್ತಾನೇ ಇಲ್ಲ."