ಮಿಕ್ಸಿಗೆ ಕುಂಕುಮ

ಹೊಸ ಮಿಕ್ಸಿ ಮನೆಗೆ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲೇ ಇಲ್ಲ. ಊರಂಚಿನ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಂಥದ್ದೊಂದರಲ್ಲಿ ಕೆಲಸಕ್ಕೆ ಸೇರಿದ್ದ ಮಗಳು ಲಹರಿ ದಸರೆಗೆಂದು ತಂದುಕೊಟ್ಟಿದ್ದಳು. ಮಲ್ಕಾಜ್‌ಗಿರಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಅದು ಮೂರು ಜಾರುಗಳ ಸಮೇತ ಮದುಮಗನ ಹಾಗೆ ಕೂತಿತ್ತು.

ಅತ್ತೆ ಗದಿಗೆಮ್ಮ ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ. “ಚಟ್ನಿ ಬೇಕಾದ್ರ ಮಾಡ್ಕೊ. ದೇವರ ಎಡಿಗೆ ಮಷಿನ್ ಹೂರಣ ನಡಿಯಂಗಿಲ್ಲ,” ಎಂದರು. ನನಗೆ ಮೈಯೆಲ್ಲ ಉರಿಯಿತು. ಮಹಾನವಮಿಯ ಹೋಳಿಗೆಗೆ ಈ ಸಲ ಮಿಕ್ಸಿಯಲ್ಲೇ ಹೂರಣ ರುಬ್ಬಬೇಕು, ಅದನ್ನು ಅತ್ತೆ ಕಣ್ಣಾರೆ ನೋಡಬೇಕು ಎಂದು ಹಟ ತೊಟ್ಟೆ.

ಹಬ್ಬದ ಬೆಳಿಗ್ಗೆ ಒಲೆಯ ಮೇಲೆ ಕಡಲೆಬೇಳೆ ಬೇಯುತ್ತಿತ್ತು. ನಮ್ಮ ಮನೆಯವರು ಅಂಬಾದಾಸ ಆಯುಧಪೂಜೆಗೆ ತಮ್ಮ ಪಾನಾ, ಸುತ್ತಿಗೆಗಳನ್ನು ತೊಳೆದಿಟ್ಟು, ಸ್ಕೂಟರಿಗೆ ಹಾರ ಹಾಕಿದರು. ಲಹರಿಗೆ ಆಫೀಸಿನಿಂದ ಫೋನ್ ಬರುವುದಿತ್ತು. ಮೊಬೈಲು ಕೊಡದೆ ಅದರ ಚಾರ್ಜರನ್ನು ಪೂಜೆಗಿಟ್ಟಳು. ನಾನು ಬಿಡುತ್ತೇನೆಯೇ? ಮಿಕ್ಸಿಯನ್ನು ತಂದು ನಟ್ಟನಡುವೆ ಕೂರಿಸಿ, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಆರತಿ ಬೆಳಗಿದೆ.

ಬೇಳೆ ಬಸಿದು, ಬೆಲ್ಲ ಕೂಡಿಸಿ ಇಳಿಸಿ, ಮಿಕ್ಸಿ ಎತ್ತಲು ಬಾಗಿದೆ.

“ಏ ಶಿವಗಂಗಾ,” ಅತ್ತೆ ಮೆತ್ತಗೆ ಅಂದರು. “ಪೂಜಾ ಮಾಡಿದ್ದನ್ನ ನಾಳೆ ಬನ್ನಿ ಮುಡಿಯೂತನಕ ಮುಟ್ಟಂಗಿಲ್ಲ. ಗೊತ್ತೈತಿಲ್ಲ?”

ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು, ಸಂಭ್ರಮದಲ್ಲಿ ಮರೆತೇ ಹೋಗಿತ್ತು. “ಆತ್ರಿ, ನಿಮ್ಮ ಕಲ್ಲ ಗತಿ,” ಎಂದು ಉರಿಮುಖ ಮಾಡಿಕೊಂಡು ಹಿತ್ತಲಿಗೆ ಹೋದೆ. ನೋಡಿದರೆ ರುಬ್ಬುವ ಕಲ್ಲು ನನ್ನ ಮಿಕ್ಸಿಗಿಂತ ಚೆನ್ನಾಗಿ ಸಿಂಗಾರಗೊಂಡು ಕೂತಿತ್ತು. ವಿಭೂತಿ, ಕುಂಕುಮ, ಅಂಗೈಯಗಲದ ಚೆಂಡುಹೂ. ಅತ್ತೆ ನನ್ನ ಮೇಲಿನ ಹಟಕ್ಕೆ ಬೆಳಗಾಗುತ್ತಲೇ ಅದಕ್ಕೆ ಪೂಜೆ ಮಾಡಿ ಮುಗಿಸಿದ್ದರು.

ಹಿಂದೆಯೇ ಬಂದ ಅತ್ತೆಗೂ ಆಗಲೇ ಅದು ನೆನಪಾದದ್ದು; ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎಡೆಗೆ ಹೋಳಿಗೆಯಿಲ್ಲದ ಮಹಾನವಮಿ ನಮ್ಮ ಮನೆಯಲ್ಲಿ ಆಗಿದ್ದೇ ಇಲ್ಲ. ಕೊನೆಗೆ ಅತ್ತೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಕೈಗೇನ್ ಕುಂಕುಮ ಹಚ್ಚಿಲ್ಲಲ್ಲ. ಬಾ, ಕುಂದ್ರು.”

ಬಿಸಿ ಬೇಳೆಯನ್ನು ಪರಾತಕ್ಕೆ ಸುರಿದು, ಉಫ್ ಉಫ್ ಅನ್ನುತ್ತ ಇಬ್ಬರೂ ಕೈಯಿಂದಲೇ ಹಿಸುಕತೊಡಗಿದೆವು. ಸ್ವಲ್ಪ ಹೊತ್ತಿಗೆ ಅತ್ತೆಯ ರಟ್ಟೆ ಸೋತಿತು. ತಲೆ ಎತ್ತದೆ ಹೇಳಿದರು, “ಈ ಮನ್ಯಾಗ ನನ್ನ ಕರಿಯೂದು ಹೂರಣಕ್ಕ ಅಷ್ಟ. ಅದನೂ ಮಷಿನ್ ಮಾಡಿದ್ರ ನನ್ನ ಯಾರ ಕೇಳ್ತಾರ?”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನ್ನಿಸಿತು, ನಾಚಿಕೆಯೂ ಆಯಿತು. “ಅದಕ್ಕ ಬಾಯಿ ಎಲ್ಲೈತ್ರಿ ಅತ್ತಿ? ನನ್ನ ಬಯ್ಯಾಕ ನೀವ ಬೇಕು,” ಎಂದೆ. ಅವರು ನಗು ತಡೆಯಲಾರದೆ ಹೂರಣದ ಕೈಯಿಂದಲೇ ನನ್ನ ಕೆನ್ನೆ ತಿವಿದರು.

ಹೋಳಿಗೆಯಲ್ಲಿ ಅಲ್ಲಲ್ಲಿ ಬೇಳೆ ಉಳಿದಿತ್ತು. ದೇವರು ಏನೂ ಅನ್ನಲಿಲ್ಲ, ಅಂಬಾದಾಸರೂ ಏನೂ ಅನ್ನದೆ ತಿಂದರು.

ಮರುದಿನ ಸಂಜೆ, ಇಲ್ಲಿಯ ತೆಲುಗಿನವರು ಜಮ್ಮಿ ಎನ್ನುವ ಬನ್ನಿ ಎಲೆ ಹಿಡಿದು ಅತ್ತೆ ಗುಡಿಯಿಂದ ಬಂದರು. ಕಾಲಿಗೆ ಬೀಳಲು ನಾವೆಲ್ಲ ಸಾಲಾಗಿ ನಿಂತಿದ್ದೆವು. ಅವರು ನಮ್ಮನ್ನು ದಾಟಿಕೊಂಡು ನೇರ ಮಿಕ್ಸಿಯ ಹತ್ತಿರ ಹೋಗಿ, ಅದರ ತಲೆಯ ಮೇಲೆ ಮೊದಲ ಎಲೆ ಇಟ್ಟರು.

“ಬಂಗಾರ ತಗೋ, ಬಂಗಾರದಂಗ ಇರು.”

ಆಮೇಲೆ ನನ್ನ ಕಡೆ ತಿರುಗಿದರು. “ಇನ್ನೊಮ್ಮೆ ಬೇಳಿ ಕುದಿಯಾಕ ಇಡು. ಮತ್ತ ಇದರ ಗುಂಡಿ ಯಾವುದಂತ ತೋರಸು. ಹೂರಣಕ್ಕ ನಾನ ಒತ್ತಬೇಕು.”